ಹೊಸ ಯಂತ್ರದ ಹಳೆಯ ಋಣ

ನಮ್ಮ ಮನೆಗೆ ಹೊಸ ಕಂಪ್ಯೂಟರ್ ಬಂದ ದಿನ ನನ್ನ ಸಂಭ್ರಮ ಉಳಿದದ್ದು ಒಂದೇ ಗಂಟೆ. ಹಳೆಯದು ಹದಿನೈದು ವರ್ಷ ದುಡಿದು ಸುಸ್ತಾಗಿತ್ತು. ಅದರಲ್ಲಿ ಕನ್ನಡ ಟೈಪು ಮಾಡುವ ಒಂದು ಹಳೆಯ ತಂತ್ರಾಂಶವಿತ್ತು. ನಮ್ಮ ಅತ್ತೆಯವರು ಹೇಳುತ್ತ ಹೋದ ಹಸೆಯ ಹಾಡು, ಬೀಸುವ ಪದ, ಎಣ್ಣೆ ಹಚ್ಚುವ ಹಾಡುಗಳನ್ನೆಲ್ಲ ಮಧ್ಯಾಹ್ನದ ಹೊತ್ತು ಪಕ್ಕದಲ್ಲಿ ಕೂರಿಸಿಕೊಂಡು ಅದರಲ್ಲಿ ಟೈಪು ಮಾಡಿಟ್ಟಿದ್ದೆ. ಅತ್ತೆ ಈಗಿಲ್ಲ. ಹೊಸ ಯಂತ್ರಕ್ಕೆ ಆ ತಂತ್ರಾಂಶವನ್ನು ಹಾಕಲು ಹೋದರೆ ಅದು ಏಳಲೇ ಇಲ್ಲ. ಅದಿಲ್ಲದೆ ಹಾಡುಗಳ ಫೈಲೂ ತೆರೆಯಲಿಲ್ಲ.

ಮಗ ಬಂದು ನೋಡಿದ. "ಅಮ್ಮಾ, ಇದು 16 ಬಿಟ್ ಕಾಲದ್ದು. ಈ ಕಂಪ್ಯೂಟರ್ 64 ಬಿಟ್‌ದು. ಅದಕ್ಕೆ ಇಲ್ಲಿ ಜಾಗವಿಲ್ಲ" ಎಂದ.

"ಅಲ್ಲವೋ, ದೊಡ್ಡ ಪಾತ್ರೆಯೊಳಗೆ ಚಿಕ್ಕ ಪಾತ್ರೆ ಕೂರುವುದಿಲ್ಲವೇನು?" ಎಂದು ಕೇಳಿದೆ. ಅವನು ನಕ್ಕ. ಉತ್ತರ ಕೊಡಲಿಲ್ಲ.

ಆ ಪ್ರಶ್ನೆಯೇ, ಎಂದೋ ಓದಿ ಕಪಾಟಿನಲ್ಲಿಟ್ಟಿದ್ದ ಒಂದು ಪುಸ್ತಕದ ಬಳಿಗೆ ನನ್ನನ್ನು ಮತ್ತೆ ಕರೆದೊಯ್ಯಿತು. ಅಮೆರಿಕದ ಟ್ರೇಸಿ ಕಿಡರ್ ಬರೆದ 'ದಿ ಸೋಲ್ ಆಫ್ ಎ ನ್ಯೂ ಮಷೀನ್'. ಹೊಸ ಯಂತ್ರದ ಆತ್ಮ ಎನ್ನೋಣ. 1981ರಲ್ಲಿ ಪ್ರಕಟವಾಗಿ, 1982ರಲ್ಲಿ ಪುಲಿಟ್ಜರ್ ಪ್ರಶಸ್ತಿ ಪಡೆದ ಪುಸ್ತಕ. ಕಂಪ್ಯೂಟರಿನ ಬಗ್ಗೆ ಬರೆದ ಪುಸ್ತಕವನ್ನು ಕಾದಂಬರಿಯ ಹಾಗೆ ಓದಿಸಿಕೊಂಡು ಹೋಗುವಂತೆ ಬರೆಯಬಹುದು ಎಂದು ತೋರಿಸಿಕೊಟ್ಟವರು ಕಿಡರ್. ಮೊದಲ ಸಲ ಓದಿದಾಗ ನಾನೂ ಮೆಚ್ಚಿದ್ದೆ. ಎರಡನೆಯ ಸಲ, ಅತ್ತೆಯವರ ಹಾಡುಗಳು ಬಾಗಿಲಾಚೆ ನಿಂತಿದ್ದಾಗ ಓದಿದೆ. ಆಗ ಬೇರೆಯೇ ಒಂದು ಪುಸ್ತಕ ಕಂಡಿತು.

ಕಥೆ ನಡೆಯುವುದು ಮ್ಯಾಸಚೂಸೆಟ್ಸ್ ರಾಜ್ಯದ ವೆಸ್ಟ್‌ಬರೋದಲ್ಲಿ. ಡೇಟಾ ಜನರಲ್ ಎಂಬ ಕಂಪೆನಿ 16 ಬಿಟ್ ಯಂತ್ರಗಳನ್ನು ಮಾಡಿ ಹೆಸರು ಗಳಿಸಿತ್ತು. ಅದರ ಎಕ್ಲಿಪ್ಸ್ ಯಂತ್ರಗಳಿಗೆ ಒಳ್ಳೆಯ ಗಿರಾಕಿಗಳಿದ್ದರು. 1977ರ ಅಕ್ಟೋಬರಿನಲ್ಲಿ ಎದುರಾಳಿ ಕಂಪೆನಿ ಡಿಜಿಟಲ್ ಇಕ್ವಿಪ್‌ಮೆಂಟ್ ತನ್ನ 32 ಬಿಟ್ ಯಂತ್ರ ವ್ಯಾಕ್ಸ್ ಅನ್ನು ಹೊರತಂದಿತು. ಡೇಟಾ ಜನರಲ್ ಕೂಡ 32 ಬಿಟ್‌ಗೆ ಹೋಗಲೇಬೇಕಾಯಿತು. ಆ ದೊಡ್ಡ ಕೆಲಸವನ್ನು ಉತ್ತರ ಕೆರೊಲಿನಾದ ಇನ್ನೊಂದು ತಂಡಕ್ಕೆ ಕೊಟ್ಟಿದ್ದರು. ವೆಸ್ಟ್‌ಬರೋದ ನೆಲಮಾಳಿಗೆಯಲ್ಲಿ ಟಾಮ್ ವೆಸ್ಟ್ ಎಂಬಾತ, ಆಗಷ್ಟೇ ಕಾಲೇಜು ಮುಗಿಸಿದ ಹುಡುಗರನ್ನು ಸೇರಿಸಿಕೊಂಡು, ಈಗಲ್ ಎಂಬ ಗುಟ್ಟಿನ ಹೆಸರಿಟ್ಟು ತನ್ನದೇ ಒಂದು ಯಂತ್ರ ಕಟ್ಟಿದ. 1980ರಲ್ಲಿ ಅದು ಎಂವಿ/8000 ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂತು. ಉತ್ತರ ಕೆರೊಲಿನಾದವರ ಯಂತ್ರ ಬರಲೇ ಇಲ್ಲ. ಇಷ್ಟು ಕಥೆ.

16, 32, 64 ಎಂದರೇನು ಎಂಬುದನ್ನು ಇಲ್ಲೇ ಹೇಳಿಬಿಡುತ್ತೇನೆ. ಬ್ಯಾಂಕಿನ ಅರ್ಜಿಯಲ್ಲಿ ಬರೆಯಲು ಸಾಲಾಗಿ ಚೌಕಗಳಿರುತ್ತವಲ್ಲ, ಹಾಗೆಂದುಕೊಳ್ಳಿ. ಒಂದು ಬಿಟ್ ಎಂದರೆ ಒಂದು ಚೌಕ. ಅದರಲ್ಲಿ ಸೊನ್ನೆ ಅಥವಾ ಒಂದು, ಎರಡೇ ಅಂಕೆ. ಕಂಪ್ಯೂಟರಿನ ನೆನಪಿನಲ್ಲಿರುವ ಪ್ರತಿ ಕೋಣೆಗೂ ಒಂದು ಬಾಗಿಲ ಸಂಖ್ಯೆ ಬೇಕು. ಆ ಸಂಖ್ಯೆ ಬರೆಯಲು 16 ಚೌಕಗಳಿದ್ದರೆ 65,536 ಬಾಗಿಲು, ಅದಕ್ಕಿಂತ ಒಂದೂ ಹೆಚ್ಚಿಲ್ಲ. 32 ಚೌಕಗಳಿದ್ದರೆ ಸುಮಾರು 429 ಕೋಟಿ. 64 ಆದರೆ ಲೆಕ್ಕ ಹೇಳಿ ಪ್ರಯೋಜನವಿಲ್ಲ. ಬೀದಿ ಬೆಳೆಯುತ್ತದೆ, ಮನೆಗಳು ಏಳುತ್ತವೆ. ಆದರೆ ಸಂಖ್ಯೆಯ ಫಲಕದಲ್ಲಿ ಜಾಗವಿಲ್ಲದಿದ್ದರೆ ಅಂಚೆಯವನು ಅಲ್ಲಿಗೆ ಹೋಗುವುದು ಹೇಗೆ? ಅದಕ್ಕೇ ಯಂತ್ರಗಳು ಅಗಲವಾಗಬೇಕಾಯಿತು.

ಅಗಲ ಮಾಡುವುದೇ ಕಷ್ಟವೆಂದು ನಾನು ಎಣಿಸಿದ್ದೆ. ನಿಜವಾದ ಕಷ್ಟ ಬೇರೆ ಕಡೆ ಇದೆ. ಊರಿನ ಫೋನ್ ನಂಬರುಗಳ ಮೊದಲಿಗೆ ಒಂದು 2 ಸೇರಿಸಿದ್ದು ನಿಮಗೆ ನೆನಪಿರಬಹುದು. ಎಕ್ಸ್‌ಚೇಂಜಿನವರು ತಮ್ಮ ಕಡೆಯ ಬದಲಾವಣೆ ಮುಗಿಸಿ ಮನೆಗೆ ಹೋದರು. ಆಮೇಲೆ ಶುರುವಾಯಿತು ನಮ್ಮ ಕೆಲಸ. ಅಡಿಗೆ ಮನೆಯ ಗೋಡೆಯ ಮೇಲೆ ಬರೆದ ಗ್ಯಾಸಿನವರ ನಂಬರು, ಡೈರಿಯಲ್ಲಿ ಒತ್ತೊತ್ತಾಗಿ ಬರೆದ ನೆಂಟರ ನಂಬರು, ಅಚ್ಚಾಗಿ ಬಂದಿದ್ದ ಮದುವೆ ಕಾಗದ, ಅಂಗಡಿಯ ಬೋರ್ಡು. ನಂಬರು ಬದಲಾಗುವುದು ಒಂದು ಕಡೆ; ಅದನ್ನು ಬರೆದಿಟ್ಟುಕೊಂಡ ಜಾಗ ಸಾವಿರ ಕಡೆ. ಎಲ್ಲೆಲ್ಲಿ ಬರೆದಿದ್ದೇವೆ ಎಂಬುದು ಬರೆದವರಿಗೇ ಮರೆತಿರುತ್ತದೆ. ಆಪರೇಟಿಂಗ್ ಸಿಸ್ಟಮ್ ಒಂದನ್ನು ಅಗಲವಾದ ಯಂತ್ರಕ್ಕೆ ಒಯ್ಯುವ ಕಷ್ಟವೆಲ್ಲ ಇದೇ.

ಈಗಲ್‌ನ ಕಥೆಯಲ್ಲಿ ಕಿಡರ್ ಚೆನ್ನಾಗಿ ಹಿಡಿದಿರುವ ಒಂದು ಜಗಳವಿದೆ. ವ್ಯಾಕ್ಸ್ ಯಂತ್ರದಲ್ಲಿ ಹಳೆಯ 16 ಬಿಟ್ ಪ್ರೋಗ್ರಾಮುಗಳಿಗಾಗಿ ಬೇರೆಯೇ ಒಂದು ಸ್ಥಿತಿ ಇತ್ತು. ಒಂದು ಬಿಟ್ ಸ್ವಿಚ್ಚಿನಂತೆ ಕೆಲಸ ಮಾಡುತ್ತಿತ್ತು. ಹೀಗೆ ತಿರುಗಿಸಿದರೆ ಹೊಸ ಯಂತ್ರ, ಹಾಗೆ ತಿರುಗಿಸಿದರೆ ಹಳೆಯದರ ವೇಷ. ಒಂದೇ ಮನೆಯಲ್ಲಿ ಅತ್ತೆಗೆ ಬೇರೆ ಒಲೆ ಹಾಕಿಕೊಟ್ಟ ಹಾಗೆ. ಡೇಟಾ ಜನರಲ್‌ನ ಮುಖ್ಯಸ್ಥ ಎಡ್ಸನ್ ಡಿ ಕ್ಯಾಸ್ಟ್ರೊ, ಅಂಥ ಸ್ವಿಚ್ಚು ಕೂಡದು ಎಂದುಬಿಟ್ಟರು. ಎಕ್ಲಿಪ್ಸ್‌ನ ಹಳೆಯ ಪ್ರೋಗ್ರಾಮು ಹೊಸ ಯಂತ್ರದಲ್ಲಿ ಹಾಗೆಯೇ ನಡೆಯಬೇಕು, ಅದೇ ಒಲೆಯ ಮೇಲೆ. ಯಂತ್ರದ ಆಜ್ಞೆಗಳನ್ನು ರೂಪಿಸಬೇಕಾಗಿದ್ದ ಸ್ಟೀವ್ ವಾಲಾಕ್‌ಗೆ ಇದು ಹಿಡಿಸಲಿಲ್ಲ. ಹೊಸದಾಗಿ ಅಚ್ಚುಕಟ್ಟಾಗಿ ಕಟ್ಟುವ ಬದಲು ಹಳೆಯ ಬಟ್ಟೆಗೆ ತೇಪೆ ಹಾಕುವ ಕೆಲಸ ತನ್ನ ಪಾಲಿಗೆ ಬಂತಲ್ಲ ಎಂಬ ಬೇಸರ. ಆದರೂ ಹಳೆಯ ಆಜ್ಞೆಗಳ ನಡುವೆ ಉಳಿದಿದ್ದ ಸಂದುಗಳಲ್ಲಿ ಹೊಸ ಆಜ್ಞೆಗಳನ್ನು ಕೂರಿಸಿ ಆತ ಅದನ್ನು ಸಾಧಿಸಿದ.

ಈ ಗುಣವನ್ನು ನಾವು ಕನ್ನಡದಲ್ಲಿ ಹೊಂದಾಣಿಕೆ ಎನ್ನುತ್ತೇವೆ. ಆ ಪದ ಹೆಣ್ಣುಮಕ್ಕಳಿಗೆ ಹೊಸದಲ್ಲ. ಮದುವೆಯಾಗಿ ಹೊರಡುವಾಗ ಹಿರಿಯರೆಲ್ಲ ಹೇಳುವುದು ಇದನ್ನೇ. ಹೊಂದಿಕೊಂಡು ಹೋಗಮ್ಮ. ಹೊಸದಾಗಿ ಬಂದವಳು ಹಳೆಯ ಮನೆಯ ರೀತಿಗೆ ಒಗ್ಗಬೇಕು, ತನ್ನ ಹೊಸತನವನ್ನು ಸಂದುಗಳಲ್ಲಿ ಕೂರಿಸಿಕೊಳ್ಳಬೇಕು. ಹೀಗಾಗಿ ಈ ಪುಟಗಳನ್ನು ಓದುವಾಗ ನನಗೆ ನಗು ಬಂತು. ಒಂದು ದೊಡ್ಡ ಕಂಪೆನಿಯ ಎಂಜಿನಿಯರುಗಳು ವರ್ಷಗಟ್ಟಲೆ ಗೊಣಗಿಕೊಂಡು ಮಾಡಿದ ಕೆಲಸವನ್ನು ನಮ್ಮ ಮನೆಗಳಲ್ಲಿ ಇಪ್ಪತ್ತು ವರ್ಷದ ಹುಡುಗಿಯಿಂದ ಒಂದು ವಾರದಲ್ಲಿ ನಿರೀಕ್ಷಿಸುತ್ತಾರೆ!

ಇನ್ನು ನನ್ನ ತಕರಾರಿಗೆ ಬರುತ್ತೇನೆ. ಕಿಡರ್ ಈ ಹೊಂದಾಣಿಕೆಯನ್ನು ಕಾಣುವುದು ನಾಯಕರ ದಾರಿಯಲ್ಲಿ ಬಿದ್ದ ಬಂಡೆಯ ಹಾಗೆ. ಅದನ್ನು ದಾಟುವ ಸಾಹಸ ಅವರಿಗೆ ಮುಖ್ಯ. ಬಂಡೆ ಅಲ್ಲಿ ಏಕಿದೆ, ಅದರ ಮೇಲೆ ಯಾರು ಮನೆ ಕಟ್ಟಿಕೊಂಡಿದ್ದಾರೆ ಎಂದು ಅವರು ಹೆಚ್ಚು ಕೇಳುವುದಿಲ್ಲ. ಎಕ್ಲಿಪ್ಸ್‌ನಲ್ಲಿ ವರ್ಷಗಳಿಂದ ಸಂಬಳದ ಲೆಕ್ಕ, ಸಾಮಾನಿನ ಲೆಕ್ಕ ಬರೆದಿಟ್ಟುಕೊಂಡ ಗಿರಾಕಿಗಳು ಪುಸ್ತಕದಲ್ಲಿ ದೂರದ ನೆರಳುಗಳು ಮಾತ್ರ. ಬೆಳಕೆಲ್ಲ ಸರ್ಕ್ಯೂಟು ಕಟ್ಟಿದವರ ಮೇಲೆ, ಮೈಕ್ರೊಕೋಡ್ ಬರೆದ ಹುಡುಗರ ಮೇಲೆ. ರಾತ್ರಿಯೆಲ್ಲ ದೋಷ ಹುಡುಕುವ ಅವರ ಹಟ, ಬಳಲಿಕೆ, ಪಂದ್ಯ ಗೆದ್ದರೆ ಸಿಗುವ ಬಹುಮಾನ ಇನ್ನೊಂದು ಪಂದ್ಯವೇ ಎಂಬ ಅವರ ನಂಬಿಕೆ, ಇವನ್ನೆಲ್ಲ ಅವರು ಅದ್ಭುತವಾಗಿ ಬರೆಯುತ್ತಾರೆ. ಸೆಕೆಂಡಿನ ನೂರು ಕೋಟಿಯಲ್ಲೊಂದು ಭಾಗವನ್ನು ಲೆಕ್ಕ ಹಾಕಿ ಹಾಕಿ ಬೇಸತ್ತ ಒಬ್ಬ ಹುಡುಗ, ಇನ್ನು ಋತುವಿಗಿಂತ ಸಣ್ಣ ಕಾಲದ ಗೊಡವೆ ಬೇಡವೆಂದು ಚೀಟಿ ಬರೆದಿಟ್ಟು ಹೊರಟುಹೋಗುವ ಪ್ರಸಂಗವನ್ನು ಓದಿದವರು ಮರೆಯಲಾರರು.

ಆದರೆ ಯಂತ್ರ ಎದ್ದು ನಿಂತರೆ ಸಾಕೇ? ಆಪರೇಟಿಂಗ್ ಸಿಸ್ಟಮ್ ಇಲ್ಲದ ಯಂತ್ರ ಗೃಹಿಣಿಯಿಲ್ಲದ ಮನೆ. ಯಾರಿಗೆ ಎಷ್ಟು ಜಾಗ, ಯಾರ ಕೆಲಸ ಮೊದಲು, ಯಾವ ಫೈಲು ಎಲ್ಲಿದೆ ಎಂಬುದನ್ನೆಲ್ಲ ನೋಡಿಕೊಳ್ಳುವುದು ಅದು. ಎಂವಿ/8000ಕ್ಕಾಗಿ ಎಓಎಸ್/ವಿಎಸ್ ಎಂಬ ಆಪರೇಟಿಂಗ್ ಸಿಸ್ಟಮ್ ಬರೆದರು. 16 ಬಿಟ್ ಮತ್ತು 32 ಬಿಟ್ ಪ್ರೋಗ್ರಾಮುಗಳು ಅದರಲ್ಲಿ ಅಕ್ಕಪಕ್ಕ ನಡೆಯಬಹುದಿತ್ತು. ಡಿ ಕ್ಯಾಸ್ಟ್ರೊ ಕೊಟ್ಟ ಮಾತನ್ನು ಗಿರಾಕಿಯ ಮೇಜಿನ ಮೇಲೆ ನಿಜ ಮಾಡಿದ್ದು ಅದು. ಅದನ್ನು ಬರೆದವರ ರಾತ್ರಿಗಳು ಈ ಪುಸ್ತಕದಲ್ಲಿಲ್ಲ. 'ಆತ್ಮ' ಎಂಬ ಪದವನ್ನು ಕಿಡರ್ ತಂಡದವರ ಪ್ರೀತಿ ಶ್ರದ್ಧೆಗಳಿಗೆ ಬಳಸಿದ್ದಾರೆ, ಬಲ್ಲೆ. ಆದರೂ ದೇಹ ಕಟ್ಟಿದವರ ಕಥೆಗೆ ಆತ್ಮವೆಂದು ಹೆಸರಿಟ್ಟಂತಾಯಿತು ಎಂದು ನನಗೆ ಅನ್ನಿಸುತ್ತದೆ.

ಆ ಬಗೆಯ ಕೆಲಸ ಎಂಥದೆಂದು ತಿಳಿಯಲು ಅದೇ ಕಾಲದ ಇನ್ನೊಂದು ಕಥೆಗೆ ಹೋಗಬೇಕು. ಬೆಲ್ ಲ್ಯಾಬ್ಸ್‌ನಲ್ಲಿ ಯುನಿಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್ ಬೆಳೆದದ್ದು ಪಿಡಿಪಿ-11 ಎಂಬ 16 ಬಿಟ್ ಯಂತ್ರದಲ್ಲಿ. 1977ರಲ್ಲಿ ಸ್ಟೀವ್ ಜಾನ್ಸನ್ ಮತ್ತು ಡೆನಿಸ್ ರಿಚಿ ಅದನ್ನು ಇಂಟರ್‌ಡೇಟಾ 8/32 ಎಂಬ 32 ಬಿಟ್ ಯಂತ್ರಕ್ಕೆ ಒಯ್ದರು. ಅದೇ ವರ್ಷ ಆಸ್ಟ್ರೇಲಿಯಾದ ವುಲಂಗಾಂಗ್ ವಿಶ್ವವಿದ್ಯಾಲಯದಲ್ಲಿ ರಿಚರ್ಡ್ ಮಿಲ್ಲರ್ ಅದನ್ನು 7/32 ಎಂಬ ಸೋದರ ಯಂತ್ರಕ್ಕೆ ಸಾಗಿಸಿದರು. ಯುನಿಕ್ಸ್‌ನ ಬಹುಪಾಲು ಸಿ ಭಾಷೆಯಲ್ಲಿತ್ತು. ಹಾಗಾಗಿ ಸಾಗಿಸಲು ಸಾಧ್ಯವಾಯಿತು. ಆದರೆ ಹಳೆಯ ಮನೆಯಲ್ಲಿ ಬೆಳೆದ ಅಭ್ಯಾಸಗಳು ಅದರ ಸಾಲುಸಾಲಿನಲ್ಲೂ ಸೇರಿಕೊಂಡಿದ್ದವು. ಅಂಥ ಅಭ್ಯಾಸಗಳನ್ನು ಹುಡುಕಲು ಜಾನ್ಸನ್ 'ಲಿಂಟ್' ಎಂಬ ಒಂದು ಪ್ರೋಗ್ರಾಮನ್ನೇ ಬರೆದರು. ಲಿಂಟ್ ಎಂದರೆ ಬಟ್ಟೆಗೆ ಅಂಟಿಕೊಂಡಿರುವ ಹತ್ತಿಯ ಜುಂಗು. ದೂರದಿಂದ ಸೀರೆ ಸ್ವಚ್ಛವಾಗಿಯೇ ಕಾಣುತ್ತದೆ. ಬೆಳಕಿಗೆ ಹಿಡಿದು ಒಂದೊಂದೇ ಎಳೆ ಆರಿಸಬೇಕು. ಈ ಹೆಸರಿಟ್ಟ ಮನುಷ್ಯ ತನ್ನ ಬಟ್ಟೆಯನ್ನು ತಾನೇ ಮಡಿಸುತ್ತಿದ್ದಿರಬೇಕು!

32ರಿಂದ 64ಕ್ಕೆ ಹೋಗುವಾಗ ಜುಂಗು ಇನ್ನೂ ಹೆಚ್ಚಾಯಿತು. ಸಿ ಭಾಷೆಯಲ್ಲಿ ಸಾಮಾನ್ಯ ಸಂಖ್ಯೆಗೆ ಒಂದು ಡಬ್ಬ, ಉದ್ದ ಸಂಖ್ಯೆಗೆ ಒಂದು, ಬಾಗಿಲ ಸಂಖ್ಯೆಗೆ ಒಂದು. 32 ಬಿಟ್ ಯಂತ್ರಗಳಲ್ಲಿ ಸಾಮಾನ್ಯವಾಗಿ ಈ ಮೂರು ಡಬ್ಬಗಳೂ ಒಂದೇ ಅಳತೆ. ಹೀಗಾಗಿ ಬರೆಯುವವರು ಇದರದ್ದನ್ನು ಅದಕ್ಕೆ, ಅದರದ್ದನ್ನು ಇದಕ್ಕೆ ಯೋಚಿಸದೆ ಸುರಿಯುತ್ತಿದ್ದರು. 64 ಬಿಟ್ ಬಂದಾಗ ಯುನಿಕ್ಸ್, ಲಿನಕ್ಸ್‌ನವರು ಉದ್ದ ಸಂಖ್ಯೆಯ ಡಬ್ಬವನ್ನೂ ಬಾಗಿಲ ಸಂಖ್ಯೆಯ ಡಬ್ಬವನ್ನೂ ಹಿಗ್ಗಿಸಿದರು. ವಿಂಡೋಸ್‌ನವರು ಬಾಗಿಲ ಸಂಖ್ಯೆಯದನ್ನು ಮಾತ್ರ ಹಿಗ್ಗಿಸಿದರು. ಎರಡು ಸೇರಿನ ಡಬ್ಬದಿಂದ ಒಂದು ಸೇರಿನ ಡಬ್ಬಕ್ಕೆ ಸುರಿದರೆ ಅಕ್ಕಿ ನೆಲಕ್ಕೆ ಚೆಲ್ಲಿ ಕಣ್ಣಿಗೆ ಬೀಳುತ್ತದೆ. ಇಲ್ಲಿ ಹಾಗಲ್ಲ. ಚೆಲ್ಲಿದ್ದು ಕಾಣುವುದಿಲ್ಲ, ಸದ್ದೂ ಇಲ್ಲ. ಉಳಿದ ಅರ್ಧವನ್ನೇ ಪೂರ್ತಿ ಎಂದುಕೊಂಡು ಯಂತ್ರ ಮುಂದಕ್ಕೆ ಹೋಗುತ್ತದೆ, ತಪ್ಪು ಬಾಗಿಲು ತಟ್ಟುತ್ತದೆ. ಪ್ರಿಂಟರನ್ನು ನಡೆಸುವಂಥ ಸಣ್ಣ ಪ್ರೋಗ್ರಾಮುಗಳು ಆಪರೇಟಿಂಗ್ ಸಿಸ್ಟಮ್‌ನ ಒಳಮನೆಯಲ್ಲೇ ಓಡಾಡುವಂಥವು. ಅವನ್ನು ಹೊಸ ಅಗಲಕ್ಕೆ ಮತ್ತೆ ಬರೆಯಲೇಬೇಕು. ಬರೆಯುವವರಿಲ್ಲದಿದ್ದರೆ ಚೆನ್ನಾಗಿರುವ ಪ್ರಿಂಟರೂ ಮೂಲೆ ಸೇರುತ್ತದೆ. ವಿಂಡೋಸ್‌ನ 64 ಬಿಟ್ ಆವೃತ್ತಿಯಲ್ಲಿ 'ಸಿಸ್ಟಮ್32' ಎಂಬ ಹೆಸರಿನ ಕಪಾಟಿನೊಳಗೆ ಇರುವುದು 64 ಬಿಟ್ ಸಾಮಾನು! ಹೆಸರು ಬದಲಿಸಿದರೆ, ಆ ಹೆಸರನ್ನು ನೆಚ್ಚಿಕೊಂಡು ಬರೆದ ಎಷ್ಟೋ ಪ್ರೋಗ್ರಾಮುಗಳು ಕೆಡುತ್ತಿದ್ದವು. ಜೀರಿಗೆ ಎಂದು ಬರೆದ ಡಬ್ಬದಲ್ಲಿ ಸಾಸಿವೆ ತುಂಬಿಟ್ಟು ಬಾಳುವೆ ಮಾಡುವುದು ನಮಗೆ ಮಾತ್ರ ಗೊತ್ತು ಎಂದುಕೊಂಡಿದ್ದೆ.

ಇದು ಬರೀ ತಾಪತ್ರಯದ ವಿಷಯವೂ ಅಲ್ಲ. 1996ರ ಜೂನ್ 4ರಂದು ಯೂರೋಪಿನ ಏರಿಯಾನ್-5 ರಾಕೆಟ್ಟು ಮೊದಲ ಹಾರಾಟದಲ್ಲೇ, ಸುಮಾರು 40 ಸೆಕೆಂಡುಗಳಲ್ಲಿ ಸಿಡಿದುಹೋಯಿತು. ಹಿಂದಿನ ಏರಿಯಾನ್-4ರ ತಂತ್ರಾಂಶವನ್ನು ಅದರಲ್ಲಿ ಹಾಗೆಯೇ ಬಳಸಿದ್ದರು. 64 ಬಿಟ್‌ನ ಒಂದು ಸಂಖ್ಯೆಯನ್ನು ಅದು 16 ಬಿಟ್‌ನ ಜಾಗಕ್ಕೆ ತುಂಬಲು ಹೋಯಿತು. ಹಳೆಯ ರಾಕೆಟ್ಟಿನಲ್ಲಿ ಆ ಸಂಖ್ಯೆ ಎಂದೂ ಅಷ್ಟು ದೊಡ್ಡದಾಗುತ್ತಿರಲಿಲ್ಲ. ಪುಣ್ಯಕ್ಕೆ ಅದರಲ್ಲಿ ಮನುಷ್ಯರಿರಲಿಲ್ಲ. ಅದು ಆಪರೇಟಿಂಗ್ ಸಿಸ್ಟಮ್‌ನ ಕಥೆಯಲ್ಲ, ನಿಜ. ಆದರೆ ಚಿಕ್ಕ ಚೌಕವೊಂದು ಕಣ್ತಪ್ಪಿ ಉಳಿದರೆ ಏನಾದೀತು ಎಂಬುದಕ್ಕೆ ಅದಕ್ಕಿಂತ ದೊಡ್ಡ ಸಾಕ್ಷಿ ಬೇಡ.

ಕಿಡರ್ ಪುಸ್ತಕದಲ್ಲಿ ನನಗೆ ನೆರಳಿನಲ್ಲಿ ಕಂಡವರು ಇನ್ನಿಬ್ಬರಿದ್ದಾರೆ. ಟಾಮ್ ವೆಸ್ಟ್‌ನ ಕಾರ್ಯದರ್ಶಿ ರೋಸ್‌ಮೇರಿ ಸೀಲ್, ಮತ್ತು ಅಷ್ಟು ಜನ ಹುಡುಗರ ನಡುವೆ ಒಬ್ಬಳೇ ಮಹಿಳಾ ಎಂಜಿನಿಯರ್ ಬೆಟ್ಟಿ ಶಾನಹಾನ್. ಅವರನ್ನು ಕಿಡರ್ ಕಡೆಗಣಿಸಿದರು ಎಂದರೆ ಅನ್ಯಾಯವಾದೀತು. ರೋಸ್‌ಮೇರಿಯನ್ನಂತೂ ಅಕ್ಕರೆಯಿಂದಲೇ ಕಾಣಿಸಿದ್ದಾರೆ. ಆದರೆ ಕಥೆಯ ತೂಕ ಅವರ ಮೇಲೆ ಬೀಳುವುದಿಲ್ಲ. ತಂಡದ ದಿನನಿತ್ಯ ಕೆಡದಂತೆ ನೋಡಿಕೊಂಡವಳ ಕೆಲಸ, ಹಳೆಯ ಪ್ರೋಗ್ರಾಮು ಕೆಡದಂತೆ ನೋಡಿಕೊಂಡವರ ಕೆಲಸ, ಎರಡಕ್ಕೂ ಒಂದೇ ಹಣೆಬರಹ. ಸರಿಯಾಗಿ ನಡೆದರೆ ಯಾರ ಕಣ್ಣಿಗೂ ಬೀಳುವುದಿಲ್ಲ, ತಪ್ಪಿದ ದಿನ ಮಾತ್ರ ಎಲ್ಲರೂ ಕೇಳುತ್ತಾರೆ. ನಮ್ಮ ಅಡಿಗೆ ಮನೆಗಳ ಹಾಗೆಯೇ. ಬೆಟ್ಟಿ ಮುಂದೆ ಅಮೆರಿಕದ ಮಹಿಳಾ ಎಂಜಿನಿಯರುಗಳ ಸಂಘವನ್ನೇ ನಡೆಸಿದರು ಎಂಬುದನ್ನು ತಿಳಿದು ನನಗೆ ಸಮಾಧಾನವಾಯಿತು.

ಮುಂದೆ ನಡೆದದ್ದನ್ನು ಇಟ್ಟುಕೊಂಡು ನೋಡಿದರೆ, ಕಿಡರ್ ಬಂಡೆ ಎಂದುಕೊಂಡದ್ದೇ ಅಡಿಪಾಯವಾಗಿತ್ತು. 2001ರಲ್ಲಿ ಇಂಟೆಲ್ ಮತ್ತು ಹ್ಯೂಲೆಟ್ ಪ್ಯಾಕರ್ಡ್ ಸೇರಿ ಇಟಾನಿಯಮ್ ಎಂಬ 64 ಬಿಟ್ ಪ್ರೊಸೆಸರ್ ತಂದವು. ನಕ್ಷೆಯೇ ಬೇರೆ, ಹೊಚ್ಚ ಹೊಸದು. ಹಳೆಯ ಪ್ರೋಗ್ರಾಮುಗಳು ಅದರಲ್ಲಿ ನಡೆಯುತ್ತಿದ್ದವು, ಆದರೆ ಹೊರಗಿನ ಕೊಟ್ಟಿಗೆಯಲ್ಲಿ ಇಟ್ಟವರ ಹಾಗೆ ಕುಂಟುತ್ತ. 2003ರಲ್ಲಿ ಎಎಂಡಿ ಎಂಬ ಚಿಕ್ಕ ಕಂಪೆನಿ ಹಳೆಯ ಮನೆಯ ಮೇಲೆಯೇ ಮಹಡಿ ಕಟ್ಟಿದ ಹಾಗೆ ಆಪ್ಟೆರಾನ್ ಎಂಬುದನ್ನು ತಂದಿತು. ಹಳೆಯವರು ಕೆಳಗೆ ಸುಖವಾಗಿದ್ದರು, ಹೊಸಬರು ಮೇಲೆ. ಮರುವರ್ಷವೇ ಇಂಟೆಲ್ ಕೂಡ ಅದೇ ನಕ್ಷೆ ಹಿಡಿಯಿತು. ಇಟಾನಿಯಮ್‌ನ ಮಾರಾಟ 2021ರಲ್ಲಿ ನಿಂತಿತು. ಲಿನಕ್ಸ್‌ನವರೂ 2024ರ ಹೊತ್ತಿಗೆ ಅದನ್ನು ಕೈಬಿಟ್ಟರು.

ಹಾಗೆಂದು ಹಳೆಯದನ್ನೆಲ್ಲ ಎಂದೆಂದಿಗೂ ಹೊತ್ತು ತಿರುಗಬೇಕು ಎಂದು ನಾನು ಹೇಳಲಾರೆ. ಅಟ್ಟದ ತುಂಬ ತೂತು ಬಿದ್ದ ಹಂಡೆ ಇಟ್ಟುಕೊಂಡ ಮನೆಯಲ್ಲಿ ಧೂಳು ಹೊಡೆಯುವವಳ ಕಷ್ಟ ನನಗೆ ಗೊತ್ತು. ಹಳೆಯದನ್ನು ಉಳಿಸುವುದೂ ದುಡಿಮೆಯೇ, ಅದನ್ನೂ ಯಾರೋ ಮಾಡಬೇಕು. ಎಸೆಯುವ ಮೊದಲು ಮನೆಯವರನ್ನು ಒಂದು ಮಾತು ಕೇಳಬೇಕು, ನಾನು ಕೇಳುವುದು ಅಷ್ಟೇ. 2019ರಲ್ಲಿ ಉಬುಂಟು ಎಂಬ ಲಿನಕ್ಸ್‌ನವರು ಮುಂದಿನ ಆವೃತ್ತಿಯಿಂದ 32 ಬಿಟ್ ಸಾಮಾನನ್ನೆಲ್ಲ ಬಿಡುತ್ತೇವೆ ಎಂದು ಸಾರಿದರು. ಹಳೆಯ ಆಟಗಳನ್ನೂ ಪ್ರೋಗ್ರಾಮುಗಳನ್ನೂ ನೆಚ್ಚಿಕೊಂಡವರು ಗಲಾಟೆ ಮಾಡಿದ ಮೇಲೆ, ಬೇಕಾದ ಕೆಲವನ್ನು ಉಳಿಸಿಕೊಂಡರು.

ಡೆಬಿಯನ್ ಎಂಬ ಇನ್ನೊಂದು ಲಿನಕ್ಸ್‌ನವರು ಮಾಡಿದ್ದು ನನಗೆ ಇನ್ನೂ ಮೆಚ್ಚುಗೆಯಾಯಿತು. ಯುನಿಕ್ಸ್ ವಂಶದ ಯಂತ್ರಗಳು 1970ರ ಜನವರಿ 1ರಿಂದ ಸೆಕೆಂಡುಗಳನ್ನು ಎಣಿಸುತ್ತ ಬಂದಿವೆ. ಎಣಿಕೆಗೆ 32 ಚೌಕಗಳಷ್ಟೇ ಇರುವಲ್ಲಿ 2038ರ ಜನವರಿ 19ರಂದು, ನಮ್ಮ ಗಡಿಯಾರದಲ್ಲಿ ಬೆಳಿಗ್ಗೆ 8 ಗಂಟೆ 44 ನಿಮಿಷ ದಾಟುತ್ತಿದ್ದಂತೆ, ಜಾಗ ತುಂಬಿಹೋಗುತ್ತದೆ. ನಾವು ತಿಂಡಿಗೆ ಕೂರುವ ಹೊತ್ತು. ಅದಕ್ಕಾಗಿ 2025ರ ಆವೃತ್ತಿಯಲ್ಲಿ ಅವರು ಉಳಿದಿದ್ದ 32 ಬಿಟ್ ಯಂತ್ರಗಳಿಗೂ ಎಣಿಕೆಯನ್ನು 64 ಚೌಕಗಳಿಗೆ ಅಗಲಿಸಿದರು. ಇಂಟೆಲ್ ವಂಶದ ಹಳೆಯ 32 ಬಿಟ್‌ದೊಂದನ್ನು ಮಾತ್ರ ಮುಟ್ಟಲಿಲ್ಲ. ಅದು ಈಗ ಇರುವುದೇ ಹಳೆಯ ಪ್ರೋಗ್ರಾಮುಗಳನ್ನು ನಡೆಸಲು. ಗಡಿಯಾರ ಬದಲಿಸಿದರೆ ಅವೇ ನಿಲ್ಲುತ್ತವೆ. ಮುದುಕರಿಗೆ ಅವರ ಗಡಿಯಾರ ಇರಲಿ ಎಂದು ಬಿಟ್ಟರು. ಇಂಥ ತೀರ್ಮಾನದ ಹಿಂದೆ ಎಷ್ಟು ವಿಚಾರ, ಎಷ್ಟು ಕನಿಕರ, ಎಷ್ಟು ಲೆಕ್ಕಾಚಾರ ಇದ್ದೀತು! ಇದನ್ನು ಕಿಡರ್ ಅಂಥವರು ಬರೆಯಬೇಕು.

'ದಿ ಸೋಲ್ ಆಫ್ ಎ ನ್ಯೂ ಮಷೀನ್' ಅನ್ನು ಓದಬೇಡಿ ಎಂದು ಹೇಳುತ್ತಿಲ್ಲ. ಖಂಡಿತ ಓದಿ. ಕೆಲಸವನ್ನು ಪ್ರೀತಿಸುವ ಮನುಷ್ಯರ ಬಗ್ಗೆ ಅಷ್ಟು ಚೆನ್ನಾಗಿ ಬರೆದವರು ಕಡಿಮೆ. ಓದುವಾಗ ಒಂದು ಪ್ರಶ್ನೆಯನ್ನು ಪಕ್ಕದಲ್ಲಿಟ್ಟುಕೊಳ್ಳಿ. ಯಂತ್ರ ಹುಟ್ಟಿದ ಮಾರನೆಯ ದಿನ ಯಾರು ಏನು ಮಾಡಿದರು? ಡೇಟಾ ಜನರಲ್ ಕಂಪೆನಿ 1999ರಲ್ಲಿ ಇನ್ನೊಂದು ಕಂಪೆನಿಯ ಪಾಲಾಯಿತು. ಟಾಮ್ ವೆಸ್ಟ್ 2011ರಲ್ಲಿ ತೀರಿಕೊಂಡರು. ಯಂತ್ರಗಳು ಹೋಗುತ್ತವೆ, ಕಟ್ಟಿದವರೂ ಹೋಗುತ್ತಾರೆ. ಅವುಗಳೊಳಗೆ ನಾವು ಇಟ್ಟದ್ದು ಮಾತ್ರ ನಮ್ಮದಾಗಿಯೇ ಉಳಿಯಬೇಕು.

ಅತ್ತೆಯವರ ಹಾಡುಗಳು ಸಿಕ್ಕವು. ನಮ್ಮೂರ ಬಸ್ ನಿಲ್ದಾಣದ ಹಿಂದಿನ ಡಿ.ಟಿ.ಪಿ. ಅಂಗಡಿಯಲ್ಲಿ ಒಂದು ಹಳೆಯ ಕಂಪ್ಯೂಟರನ್ನು ಇನ್ನೂ ಉಳಿಸಿಕೊಂಡಿದ್ದರು. "ನಿಮ್ಮಂಥವರು ತಿಂಗಳಿಗೆ ಒಬ್ಬರಾದರೂ ಬರ್ತಾರೆ ಅಕ್ಕಾ, ಅದಕ್ಕೇ ಎಸೆದಿಲ್ಲ" ಎಂದ ಅಂಗಡಿಯ ಹುಡುಗ. ಎಲ್ಲ ಹಾಡುಗಳನ್ನೂ ಕಾಗದದ ಮೇಲೆ ಅಚ್ಚು ತೆಗೆಸಿಕೊಂಡು ಬಂದೆ. ಈಗ ಅವನ್ನು ಮತ್ತೆ ಮೊದಲಿನಿಂದ ಟೈಪು ಮಾಡುತ್ತಿದ್ದೇನೆ, ಮಧ್ಯಾಹ್ನದ ಹೊತ್ತು, ದಿನಕ್ಕೊಂದರಂತೆ. ಪಕ್ಕದಲ್ಲಿ ಕೂತು, ಅಲ್ಲಲ್ಲ, ಆ ಸಾಲು ಹಾಗಲ್ಲ ಎಂದು ತಿದ್ದುವವರು ಇಲ್ಲ.